ಮರಳು ದ್ವೀಪಕ್ಕೆ ಹೊರಡುವ ಮುಂಚೆ ಉಬ್ಬರದ ಸಮಯ ನೋಡಿ

ಪ್ರಶ್ನೆ: ನಾವು ಬ್ರಿಸ್ಬೇನ್‌ನಲ್ಲಿದ್ದೇವೆ. ಶಾಲೆಗೆ ರಜೆ ಬಂದಾಗ ಫೋರ್‌ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತಗೊಂಡು ಫ್ರೇಸರ್ ದ್ವೀಪಕ್ಕೆ ಹೋಗಿ ಮೂರು ರಾತ್ರಿ ಟೆಂಟ್‌ನಲ್ಲಿ ಇರಬೇಕು ಅಂತ ಆಸೆ. ಮಕ್ಕಳಿಗೆ 7 ಮತ್ತು 12 ವರ್ಷ. ಮರಳಿನ ಮೇಲೆ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ದಿನಕ್ಕೊಂದು ಕಡೆ ಟೆಂಟ್ ಹಾಕುತ್ತಾ ಇಡೀ ದ್ವೀಪ ಸುತ್ತಬಹುದಾ? ಅಲ್ಲಿನ ಕಾಡುನಾಯಿ ಡಿಂಗೊಗಳ ಭಯ ಬೇರೆ ಇದೆ.

ಉತ್ತರ: ಖಂಡಿತ ಹೋಗಿ. ಆದರೆ ಇಡೀ ದ್ವೀಪ ಸುತ್ತುವ ಯೋಚನೆಯನ್ನು ಈ ಸಲ ಬಿಟ್ಟುಬಿಡಿ. ಉದ್ದವೇ 120 ಕಿ.ಮೀ. ದಾಟುತ್ತದೆ. ಒಳಗಿನ ಮರಳು ದಾರಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿ.ಮೀ., ಎಷ್ಟೋ ಕಡೆ ಅಷ್ಟೂ ಆಗುವುದಿಲ್ಲ. ದಿನಾ ಟೆಂಟ್ ಬಿಚ್ಚಿ ಕಟ್ಟುತ್ತಾ ಕೂತರೆ ಮಕ್ಕಳು ನೀರಿಗಿಳಿಯುವುದು ಯಾವಾಗ? ಮೂರೂ ರಾತ್ರಿ ಒಂದೇ ಜಾಗದಲ್ಲಿರಿ. ನನ್ನ ಆಯ್ಕೆ ಡುಂಡುಬಾರಾ ಕ್ಯಾಂಪ್, ಅಲ್ಲಿ ಡಿಂಗೊ ಬರದಂತೆ ಸುತ್ತ ಬೇಲಿ ಇದೆ.

ಅಂದಹಾಗೆ, 2023ರಿಂದ ದ್ವೀಪದ ಅಧಿಕೃತ ಹೆಸರು ಕೆ'ಗರಿ. ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನ ಇಟ್ಟಿದ್ದ ಹೆಸರು ಅದು. ಬರೆಯುವಾಗ ಕೆ ಇದ್ದರೂ 'ಗರಿ' ಅಂತಲೇ ಹೇಳುತ್ತಾರೆ. ಗಾಡಿಗೊಂದು, ಕ್ಯಾಂಪಿಂಗ್‌ಗೊಂದು ಪರ್ಮಿಟ್ ಬೇಕು, ಎರಡನ್ನೂ ಮೊದಲೇ ಮಾಡಿಸಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೂರ್ವ ದಂಡೆಯ ಸೆವೆಂಟಿಫೈವ್ ಮೈಲ್ ಬೀಚೇ ಅಲ್ಲಿನ ಹೆದ್ದಾರಿ, ಸಮುದ್ರ ಉಕ್ಕಿದಾಗ ಆ ಹೆದ್ದಾರಿಯೇ ಇರುವುದಿಲ್ಲ. ಉಬ್ಬರಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಆಮೇಲಿನವರೆಗೆ ಗಾಡಿಯನ್ನು ದಂಡೆಗೆ ಇಳಿಸಲೇಬೇಡಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅದಕ್ಕೇ ನಾಲ್ಕೂ ದಿನದ ಉಬ್ಬರ ಇಳಿತದ ಸಮಯ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಇನ್‌ಸ್ಕಿಪ್ ಪಾಯಿಂಟ್‌ನಿಂದ ದ್ವೀಪಕ್ಕೆ ಗಾಡಿ ದಾಟಿಸುವ ಬಾರ್ಜ್ ಯಾವಾಗ, ಮೆಕೆಂಜಿ ಸರೋವರ ಯಾವ ದಿನ ಅಂತ ಹೊಂದಿಸಿಕೊಳ್ಳಿ. 'ಇನ್ನೊಂದು ಹತ್ತು ನಿಮಿಷ' ಅಂತ ಮಕ್ಕಳು ನೀರಲ್ಲೇ ಉಳಿದರೆ ವಾಪಸ್ ಬರುವಾಗ ಒಂದು ಕಡೆ ಅಲೆ, ಇನ್ನೊಂದು ಕಡೆ ಹೂತುಕೊಳ್ಳುವ ಒಣ ಮರಳು. ಉಪ್ಪುನೀರಿನಿಂದ ಆದ ಹಾನಿಗೆ ಬಾಡಿಗೆ ಗಾಡಿಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಕರಾರನ್ನು ಪೂರ್ತಿ ಓದಿ.

ಮರಳಿಗೆ ಇಳಿಯುವ ಮುಂಚೆ ಟೈರ್ ಗಾಳಿ 18–20 ಪಿಎಸ್‌ಐಗೆ ಇಳಿಸಿ. ಟೈರ್ ಅಗಲವಾಗಿ, ಉದ್ದವಾಗಿ ನೆಲ ಹಿಡಿಯುತ್ತದೆ, ಭಾರ ಹರಡುತ್ತದೆ. ಗಾಳಿ ಕಡಿಮೆ ಇರುವಾಗ ಸರಕ್ಕನೆ ಸ್ಟೀರಿಂಗ್ ತಿರುಗಿಸಬೇಡಿ. ಗಾಡಿ ಕೂತುಬಿಟ್ಟರೆ ಎಲ್ಲರೂ ಮಾಡುವ ತಪ್ಪು ಆಕ್ಸಿಲರೇಟರ್ ಒತ್ತುವುದು, ಚಕ್ರ ಸುಮ್ನೆ ಗುಂಡಿ ತೋಡುತ್ತದೆ ಅಷ್ಟೇ. ನಿಲ್ಲಿಸಿ, ಸಲಿಕೆಯಿಂದ ಚಕ್ರದ ಸುತ್ತ ಮರಳು ತೆಗೆದು, ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದಕ್ಕೆ ಬನ್ನಿ. ಗಾಳಿ ಇನ್ನೂ ಸ್ವಲ್ಪ ಇಳಿಸಬೇಕಾಗಬಹುದು. ಗಾಳಿ ತುಂಬುವ ಕಂಪ್ರೆಸರ್ ಜೊತೆಗಿರಲಿ, ಟಾರ್ ರಸ್ತೆಗೆ ಬಂದಾಗ ಬೇಕೇಬೇಕು.

ದಂಡೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದವರೆಗೆ ಹೋಗಬಹುದು ಅಂತಿದ್ದರೂ ಅಷ್ಟು ವೇಗ ಬೇಡ. ಹೊಳೆಗಳು ಸಮುದ್ರ ಸೇರುವಲ್ಲಿ ಮರಳನ್ನು ಕಡಿದಾಗಿ ಕೊರೆದಿರುತ್ತವೆ, ಹತ್ತಿರ ಬರುವವರೆಗೂ ಕಾಣುವುದಿಲ್ಲ. ಸಣ್ಣ ವಿಮಾನಗಳೂ ಅದೇ ದಂಡೆಯಲ್ಲಿ ಇಳಿಯುತ್ತವೆ. ಅಲೆಯ ಸದ್ದಿನಲ್ಲಿ ಗಾಡಿ ಬರುವುದು ಕೇಳಿಸುವುದಿಲ್ಲ ಅಲ್ವಾ, ಮಕ್ಕಳನ್ನು ಅಲ್ಲಿ ಓಡಾಡಲು ಬಿಡಬೇಡಿ.

ಡಿಂಗೊ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ಅಲ್ಲಿನವರು ವಾಂಗರಿ ಅನ್ನುತ್ತಾರೆ. ತೆಳ್ಳಗಿದೆ, ಪಾಪ ಅಂತ ಒಂದು ತುಂಡೂ ಹಾಕಬೇಡಿ, ಹಾಕಿದರೆ ದಂಡ. ತಿಂಡಿಯ ರುಚಿ ಹತ್ತಿ ಜನರ ಹತ್ತಿರ ಬರುವ ಪ್ರಾಣಿಯನ್ನು ಕೊನೆಗೆ ಕೊಲ್ಲಬೇಕಾಗಿ ಬಂದದ್ದಿದೆ, ನನಗೆ ತುಂಬಾ ನೋವು ಕೊಡುವ ಸಂಗತಿ ಅದು. ಆಹಾರ, ಕಸ ಎಲ್ಲವನ್ನೂ ಗಾಡಿಯೊಳಗೆ ಬೀಗ ಹಾಕಿಡಿ, ಟೆಂಟ್‌ನಲ್ಲಿ ಬೇಡ. ಬೇಲಿಯ ಹೊರಗೆ ಇಬ್ಬರೂ ಮಕ್ಕಳು ಕೈಗೆ ಸಿಗುವಷ್ಟು ಹತ್ತಿರ ಇರಲಿ, 12 ವರ್ಷದವರೂ ಅಷ್ಟೇ. ಎದುರಾದರೆ ಓಡಬೇಡಿ, ಅದರ ಕಡೆ ಮುಖ ಮಾಡಿಯೇ ಮೆಲ್ಲಗೆ ಹಿಂದೆ ಸರಿಯಿರಿ.

ಸಮುದ್ರದಲ್ಲಿ ಈಜುವುದು ಬೇಡ, ಸೆಳೆತ ಜಾಸ್ತಿ, ಶಾರ್ಕ್‌ಗಳೂ ಇವೆ. ಮಕ್ಕಳಿಗೆ ಈಲೈ ಕ್ರೀಕ್ ಅನ್ನುವ ಹೊಳೆ ಸಾಕು, ತಿಳಿನೀರಿನಲ್ಲಿ ತೇಲುತ್ತಾ ಬರುವುದೇ ಖುಷಿ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, 1935ರ ಚಂಡಮಾರುತಕ್ಕೆ ಸಿಕ್ಕಿ ದಡಕ್ಕೆ ಬಿದ್ದ ಮಹೆನೊ ಹಡಗು ತುಕ್ಕು ಹಿಡಿದು ನಿಂತಿದೆ. ಇನ್ನೂ ಉತ್ತರಕ್ಕೆ, ಇಂಡಿಯನ್ ಹೆಡ್ ಅನ್ನುವ ಬಂಡೆಗುಡ್ಡ ದಾಟುವ ದಾರಿಯ ಮರಳು ತುಂಬಾ ಮೆತ್ತಗೆ, ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ರಾತ್ರಿ ಅಲ್ಲಿ ಕ್ಯಾಂಪ್‌ಫೈರ್ ಹಾಕಬಹುದಾ?

ಉತ್ತರ: ದಂಡೆಯಲ್ಲಿ ಇಲ್ಲ. ಡುಂಡುಬಾರಾ ಮತ್ತು ವಾಡಿ ಪಾಯಿಂಟ್ ಕ್ಯಾಂಪ್‌ಗಳಲ್ಲಿ ಮಾಡಿಟ್ಟಿರುವ ಒಲೆಗಳಲ್ಲಿ ಮಾತ್ರ, ಅದೂ ಬೆಂಕಿ ನಿಷೇಧ ಇಲ್ಲದಾಗ. ಸೌದೆ ನೀವೇ ತರಬೇಕು, ಕಾಡಿನ ಕಡ್ಡಿ ಮುಟ್ಟುವಂತಿಲ್ಲ. ಅಡುಗೆಗೆ ಗ್ಯಾಸ್ ಸ್ಟೌವ್ ಒಯ್ಯಿರಿ.