ಫೋನ್, ಲ್ಯಾಪ್‌ಟಾಪ್ ಇದ್ದ ಮೇಲೂ ಟ್ಯಾಬ್ಲೆಟ್ ಬೇಕಾ?

ಟೀಚರೇ, ನೀವು ಕುಂಬಳೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವವರು. ಫೋನೂ ಲ್ಯಾಪ್‌ಟಾಪೂ ಇವೆ, ಟ್ಯಾಬ್ಲೆಟ್‌ಗೆ ದುಡ್ಡು ಹಾಕಬಹುದಾ ಎಂದು ಕೇಳಿದ್ದೀರಿ. ಪಠ್ಯಪುಸ್ತಕದ ಪಿಡಿಎಫ್ ದಿನಾ ಓದುವುದಾದರೆ ಖಂಡಿತ ಹಾಕಿ. ಬರೀ ವಿಡಿಯೊ ನೋಡಲಿಕ್ಕಾದರೆ ಬೇಡ.

ಎ4 ಪುಟದ ಅಗಲ 21 ಸೆಂಟಿಮೀಟರ್. ಫೋನಿನ ಪರದೆ ಸುಮಾರು 7. ಇಡೀ ಪುಟ ಹಿಡಿಸಿದರೆ ಅಕ್ಷರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಇಂಗ್ಲಿಷ್ ಹೇಗೋ ಓದಬಹುದು, ನಮ್ಮ ಒತ್ತಕ್ಷರ ಕಷ್ಟ. ‘ರಾಷ್ಟ್ರ’ದ ಷ್ಟ್ರ ಬರೀ ಮಸಿ ಚುಕ್ಕೆ ಹಾಗೆ ಕಾಣುತ್ತದೆ. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಅತ್ತಿತ್ತ ಸರಿಸಬೇಕು, ಓದಿನ ಲಯವೇ ತಪ್ಪುತ್ತದೆ ಅಲ್ವಾ? 11 ಇಂಚಿನ ಟ್ಯಾಬ್ಲೆಟ್ ನೆಟ್ಟಗೆ ಹಿಡಿದರೆ ಅಗಲ ಸುಮಾರು 15 ಸೆಂಟಿಮೀಟರ್ ಸಿಗುತ್ತದೆ. ಪುಟ ಇದ್ದ ಹಾಗೇ ಓದಬಹುದು, ಪೆನ್ನಿನಿಂದ ಅಂಚಿನಲ್ಲಿ ಗುರುತೂ ಹಾಕಬಹುದು. 8 ಇಂಚಿನದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಪ್ರಶ್ನೆಪತ್ರಿಕೆ ಟೈಪ್ ಮಾಡಲು ಲ್ಯಾಪ್‌ಟಾಪೇ ಇರಲಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಅದರದೇ ಫಾಂಟ್ ಬಳಸಿ ಮಾಡಿದ ಹಳೆಯ ಫೈಲ್‌ಗಳನ್ನು ಟ್ಯಾಬ್ಲೆಟ್‌ನಲ್ಲಿ ತೆರೆದರೆ ಆ ಫಾಂಟ್ ಇಲ್ಲದೆ ಕನ್ನಡದ ಬದಲು ಏನೇನೋ ಚಿಹ್ನೆಗಳು ಬರುತ್ತವೆ.

ಸಿಮ್ ಇರುವ ಮಾದರಿಗೆ ಜಾಸ್ತಿ ಕೊಡುವುದೂ ಬೇಡ, ಫೋನಿನ ಹಾಟ್‌ಸ್ಪಾಟ್ ಸಾಕು. ಪುಸ್ತಕಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವಲ್ಲ.

ನಿಮ್ಮ ಲ್ಯಾಪ್‌ಟಾಪ್ ಪೂರ್ತಿ ಹಿಂದಕ್ಕೆ ಮಡಚುವ ಟಚ್‌ಸ್ಕ್ರೀನಿನದಾದರೆ, ಮೊದಲು ಒಂದು ವಾರ ಅದರಲ್ಲೇ ಓದಿ ನೋಡಿ.