ಬಿದರಿಯ ಕಪ್ಪು ಮರಳಿ ಬರುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆಯಲ್ಲಿ ಉಡುಗೊರೆಯಾಗಿ ಬಂದ ಬಿದರಿ ಹೂದಾನಿಯನ್ನು ಹಬ್ಬದ ಮುನ್ನ ಹಿತ್ತಾಳೆ ಪಾತ್ರೆಗಳ ಜೊತೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಕಪ್ಪು ಹೋಗಿ ಬೂದಾಗಿದೆ. ಆ ಕಪ್ಪು ಬೀದರ್ ಕೋಟೆಯ ಮಣ್ಣಿನಿಂದ ಬರುತ್ತದೆಯಂತೆ. ನಮ್ಮ ದುರ್ಗದ ಕೋಟೆಯ ಮಣ್ಣನ್ನು ಹಚ್ಚಿದರೆ ಆದೀತೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ದಯವಿಟ್ಟು ಹಚ್ಚಬೇಡಿ. ಬಿದರಿಯ ಮೈ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಮಿಶ್ರಲೋಹ. ಈಗ ನಿಮಗೆ ಕಾಣುತ್ತಿರುವ ಬೂದು ಅದರ ಸಹಜ ಬಣ್ಣ. ಕುಶಲಕರ್ಮಿಗಳು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರಿ ಅದನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿಕೊಂಡು, ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಕೊರೆತಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸಿ, ಇಡೀ ಮೈಯನ್ನು ಉಜ್ಜಿ ನಯಗೊಳಿಸುತ್ತಾರೆ. ಆ ಹಂತದಲ್ಲಿ ಬೂದು ಲೋಹದ ನಡುವೆ ಬೆಳ್ಳಿಯ ಚಿತ್ತಾರ ಕಣ್ಣಿಗೆ ಸಿಗುವುದೇ ಕಷ್ಟ. ಕೋಟೆಯ ಮಣ್ಣನ್ನೂ ನವಸಾಗರವೆಂಬ ಲವಣವನ್ನೂ (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಸವರಿದಾಗ ಮಾತ್ರ ಮಿಶ್ರಲೋಹ ಗಾಢವಾಗಿ ಕಪ್ಪೇರುತ್ತದೆ, ಬೆಳ್ಳಿಯೋ ಬೆಳ್ಳಗೇ ಉಳಿಯುತ್ತದೆ. ಇಡೀ ಕಲೆಯಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಘಟ್ಟ ಇದೇ.

ಈ ಮಣ್ಣನ್ನು ಕೋಟೆಯ ಯಾವುದೋ ಮೂಲೆಯಿಂದ ಬಾಚಿ ತರುವುದಿಲ್ಲ. ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿ, ರುಚಿಯಿಂದ ಅದರ ಗುಣವನ್ನು ಅಳೆಯುತ್ತಾರೆ. ಕೆಲಸಕ್ಕೆ ಬೇಕಾದ ಲವಣಗಳು ನೀರಿನಲ್ಲಿ ಕರಗುವಂಥವು. ದುರ್ಗದ ಬಂಡೆಗಳ ನಡುವೆ ಮಳೆಗೆ ತೋಯುವ ಮಣ್ಣಿನಲ್ಲಿ ಅವು ನಿಲ್ಲಲಾರವು.

ಹುಣಸೆಯ ಹುಳಿ ತಿಂದಿರುವುದು ಮೇಲಿನ ತೆಳುವಾದ ಕಪ್ಪನ್ನು. ಬೆಳ್ಳಿ ಕಿತ್ತು ಬಂದಿರದಿದ್ದರೆ ಬೀದರಿನ ನುರಿತ ಕೈಗಳು ಅದನ್ನು ಮತ್ತೆ ಕಪ್ಪೇರಿಸಬಲ್ಲವು. ಮುಂದೆ ಹುಳಿ, ನಿಂಬೆ, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಸೋಕಿಸದೆ, ಮೆತ್ತನೆಯ ಹತ್ತಿಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿರಿ.

ಪ್ರಶ್ನೆ: ಬಿಸಿಲು ಬೀಳುವ ಗೋಡೆಯಲ್ಲಿರುವ ಮೈಸೂರಿನ ಬೀಟೆ ಮರದ ಚಿತ್ರಫಲಕದಿಂದ ಮರದ ಚೂರುಗಳು ಏಳುತ್ತಿವೆ. ಅದರಲ್ಲಿರುವ ಬಿಳಿಯ ಚೂರುಗಳು ದಂತವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಫಲಕವನ್ನು ಆ ಗೋಡೆಯಿಂದ ಇಳಿಸಿರಿ. ಬೀಟೆಯೂ ಅದರೊಳಗೆ ಕೂರಿಸಿದ ಬೇರೆ ಜಾತಿಯ ಮರಗಳೂ ನಿಮ್ಮೂರಿನ ಬೇಸಿಗೆಯಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಹಾಗಾಗಿ ಅಂಟು ಬಿಡುತ್ತದೆ. ಗುಳಿಯಲ್ಲಿರುವ ಹಳೆಯ ಅಂಟನ್ನು ಕೆರೆದು, ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಚೂರನ್ನು ಕೂರಿಸಿ, ರಾತ್ರಿಯಿಡೀ ಭಾರ ಹೇರಿದರೆ ಸಾಕು. ಹಿಂದೆ ಈ ಕೆಲಸಕ್ಕೆ ದಂತವನ್ನು ಬಳಸುತ್ತಿದ್ದುದು ನಿಜ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ಅದನ್ನು ಕಾಣಬಹುದು. ಇತ್ತೀಚಿನ ಫಲಕಗಳಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕನ್ನು ಕೂರಿಸಿರುತ್ತಾರೆ. ಫಲಕ ಹಳೆಯದಾಗಿದ್ದರೆ ಮಾರುವ ಯೋಚನೆ ಮಾಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ.