ಓದುಗರ ಪ್ರಶ್ನೆ, ನಮ್ಮ ಉತ್ತರ: ರೀಟಚಿಂಗ್‌ಗೆ ಬ್ರಷ್ ಪಳಗಿಸುವುದು

ರೀಟಚಿಂಗ್, ಅಂದರೆ ಫೋಟೋದ ಕಲೆ, ಕೊರತೆ ತಿದ್ದುವ ಕೆಲಸ. ಈ ಸಲದ ಪ್ರಶ್ನೆಗಳೆಲ್ಲ ಬ್ರಷ್ ಸುತ್ತಲೇ ಬಂದಿವೆ. ಹೆಚ್ಚಿನವರು ಕೇಳಿರುವುದು ಫೋಟೋಶಾಪ್ ಬಗ್ಗೆ. ಗಿಂಪ್ ಮತ್ತು ಲೈಟ್‌ರೂಮ್ ಬಳಸುವವರ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

ಪ್ರಶ್ನೆ: ಒಂದು ಮುಖ ಸರಿಮಾಡುವಷ್ಟರಲ್ಲಿ ಬ್ರಷ್ ಸೈಜ್ ಬದಲಿಸಲು ಲೆಕ್ಕವಿಲ್ಲದಷ್ಟು ಸಲ ಮೇಲಿನ ಪಟ್ಟಿಗೆ ಹೋಗಬೇಕಾಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ಅದೂ ಮೂರು ಬಗೆಯಲ್ಲಿ. ಮೊದಲನೆಯದೇ ಸಾಕು ಎನ್ನುವುದು ನಮ್ಮ ಅನುಭವ. ವಿಂಡೋಸ್‌ನಲ್ಲಿ ಆಲ್ಟ್ ಕೀ ಒತ್ತಿ, ಮೌಸ್‌ನ ಬಲ ಬಟನ್ ಹಿಡಿದು ಚಿತ್ರದ ಮೇಲೆಯೇ ಎಳೆಯಿರಿ. ಬಲಕ್ಕೆ ಎಳೆದರೆ ಬ್ರಷ್ ದೊಡ್ಡದಾಗುತ್ತದೆ, ಎಡಕ್ಕೆ ಎಳೆದರೆ ಚಿಕ್ಕದಾಗುತ್ತದೆ, ಮೇಲೆ ಕೆಳಗೆ ಎಳೆದರೆ ಹಾರ್ಡ್‌ನೆಸ್ (ಅಂಚಿನ ಗಟ್ಟಿತನ) ಬದಲಾಗುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಆಪ್ಷನ್ ಎರಡನ್ನೂ ಒತ್ತಿ ಎಳೆಯಬೇಕು. ಕಲೆಯ ಮೇಲೇ ಕರ್ಸರ್ ಇಟ್ಟು ಅದರ ಅಳತೆಗೆ ಬ್ರಷ್ ಕೂಡಿಸಬಹುದು, ಕಣ್ಣು ಚಿತ್ರ ಬಿಟ್ಟು ಕದಲುವುದಿಲ್ಲ.

ಇದು ಕೆಲಸ ಮಾಡದಿದ್ದರೆ ನೋಡಬೇಕಾದ ಜಾಗಗಳಿವೆ. ಎಳೆದರೂ ಏನೂ ಆಗದಿದ್ದರೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆ ಆಫ್ ಆಗಿದೆಯೇ ನೋಡಿ. ಈ ಸೌಲಭ್ಯಕ್ಕೆ ಅದು ಆನ್ ಇರಲೇಬೇಕು. ಮೇಲೆ ಕೆಳಗೆ ಎಳೆದಾಗ ಹಾರ್ಡ್‌ನೆಸ್ ಬದಲು ಓಪಾಸಿಟಿ (ಬಣ್ಣ ಎಷ್ಟು ದಟ್ಟ ಎನ್ನುವುದು) ಬದಲಾಗುತ್ತಿದ್ದರೆ, ಟೂಲ್ಸ್ ವಿಭಾಗದಲ್ಲಿ ದುಂಡು ಬ್ರಷ್‌ನ ಹಾರ್ಡ್‌ನೆಸ್ ಲಂಬ ಚಲನೆಯಿಂದ ಬದಲಾಗಲಿ ಎನ್ನುವ ಆಯ್ಕೆಗೆ ಟಿಕ್ ಹಾಕಿ. ಹಾರ್ಡ್‌ನೆಸ್ ಎನ್ನುವುದು ದುಂಡು ಬ್ರಷ್‌ಗೆ ಮಾತ್ರ ಇರುವ ಗುಣ. ಚಿತ್ರದಿಂದ ಮಾಡಿದ ಟೆಕ್ಸ್‌ಚರ್ ಬ್ರಷ್ ಹಿಡಿದು ಎಷ್ಟು ಎಳೆದರೂ ಅಂಚು ಮೆತ್ತಗಾಗದು. ಎಳೆಯುವಾಗ ಕಾಣುವ ಕೆಂಪು ಮುನ್ನೋಟ ಚರ್ಮದ ಬಣ್ಣದಲ್ಲಿ ಕಲೆತುಹೋಗುತ್ತದೆ ಎನಿಸಿದರೆ ಕರ್ಸರ್ಸ್ ವಿಭಾಗದಲ್ಲಿ ಅದನ್ನು ಹಸಿರು ಮಾಡಿಕೊಳ್ಳಿ.

ಎರಡನೆಯದು ಎಲ್ಲರಿಗೂ ಗೊತ್ತಿರುವ ಚೌಕ ಬ್ರಾಕೆಟ್ ಕೀಗಳು. [ ಒತ್ತಿದರೆ ಚಿಕ್ಕದು, ] ಒತ್ತಿದರೆ ದೊಡ್ಡದು. ಶಿಫ್ಟ್ ಜೊತೆ ಒತ್ತಿದರೆ ಹಾರ್ಡ್‌ನೆಸ್ 25% ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ. ತೊಂದರೆಯೆಂದರೆ ಇವು ಕೀಬೋರ್ಡ್‌ನ ಬಲಬದಿಯಲ್ಲಿವೆ, ಬಲಗೈಯಲ್ಲಿ ಪೆನ್ ಅಥವಾ ಮೌಸ್ ಹಿಡಿದವರ ಎಡಗೈ ಅಲ್ಲಿಯವರೆಗೆ ಓಡಾಡಬೇಕು. ಕೆಲವು ದೇಶಗಳ ಕೀಬೋರ್ಡ್ ವಿನ್ಯಾಸದಲ್ಲಂತೂ ಬ್ರಾಕೆಟ್ ಒತ್ತಲು ಇನ್ನೊಂದು ಕೀ ಸಹಾಯ ಬೇಕು.

ಹಾಗಾಗಿ ಮೂರನೆಯ ದಾರಿ: ಆ ಕೆಲಸವನ್ನೇ ಎಡಗೈ ಕೆಳಗೆ ತರುವುದು. ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ತೆರೆದು, ಪಟ್ಟಿಯಲ್ಲಿ ಟೂಲ್ಸ್ ಆಯ್ದು ಕೆಳಗೆ ಸರಿಸಿದರೆ ಬ್ರಷ್ ಸೈಜ್ ಹೆಚ್ಚಿಸು, ತಗ್ಗಿಸು, ಹಾರ್ಡ್‌ನೆಸ್ ಹೆಚ್ಚಿಸು, ತಗ್ಗಿಸು ಎನ್ನುವ ಸಾಲುಗಳು ಸಿಗುತ್ತವೆ. ತಗ್ಗಿಸಲು ಡಬ್ಲ್ಯೂ, ಹೆಚ್ಚಿಸಲು ಇ ಕೊಡಬಹುದು. ಇ ಕೀ ಇರೇಸರ್‌ನದ್ದು, ನಿಜ. ಆದರೆ ಮಾಸ್ಕ್ (ಲೇಯರ್‌ನ, ಅಂದರೆ ಚಿತ್ರದ ಪದರದ, ಯಾವ ಭಾಗ ಕಾಣಬೇಕೆಂದು ಕಪ್ಪುಬಿಳುಪಿನಲ್ಲಿ ಗುರುತಿಸುವ ಹೊದಿಕೆ) ಮೇಲೆ ಕೆಲಸ ಮಾಡುವವರಿಗೆ ಇರೇಸರ್ ಬೇಕಾಗುವುದೇ ಅಪರೂಪ. ಹಳೆಯ ಟೂಲ್‌ನಿಂದ ಆ ಕೀ ಕಿತ್ತುಹೋಗುತ್ತದೆ ಎಂದು ಎಚ್ಚರಿಕೆ ಬರುತ್ತದೆ, ಒಪ್ಪಿಕೊಳ್ಳಿ. ಇದನ್ನೆಲ್ಲ ಮಾಡುವ ಮುನ್ನ ಹೊಸ ಸೆಟ್ ಒಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡರೆ ಮೂಲ ಸೆಟ್‌ಗೆ ಮರಳುವುದು ಒಂದು ಕ್ಲಿಕ್ಕಿನ ಕೆಲಸ. ಒಂದೇ ದಿನ ಹತ್ತಾರು ಕೀ ಬದಲಿಸಲು ಹೋಗಬೇಡಿ. ಎರಡು ಬೆರಳಿಗೆ ರೂಢಿಯಾದ ಮೇಲೆ ಮುಂದಿನೆರಡು.

ಪ್ರಶ್ನೆ: 3 ಒತ್ತಿದರೆ ಓಪಾಸಿಟಿ 30% ಆಗಬೇಕಲ್ಲವೇ? ಒಮ್ಮೊಮ್ಮೆ ಫ್ಲೋ ಬದಲಾಗುತ್ತದೆ, ಒಮ್ಮೊಮ್ಮೆ ಲೇಯರೇ ಮಸುಕಾಗುತ್ತದೆ.

ಉತ್ತರ: ಬ್ರಷ್ ಕೈಯಲ್ಲಿದ್ದಾಗ ಅಂಕಿ ಒತ್ತಿದರೆ ಓಪಾಸಿಟಿ, ಶಿಫ್ಟ್ ಜೊತೆ ಒತ್ತಿದರೆ ಫ್ಲೋ. 0 ಎಂದರೆ 100%. ಎರಡು ಅಂಕಿಗಳನ್ನು ಬೇಗಬೇಗ ಒತ್ತಿದರೆ 25, 08 ಹೀಗೆ ನಡುವಿನ ಮೌಲ್ಯಗಳೂ ಸಿಗುತ್ತವೆ. ಆದರೆ ಮೇಲಿನ ಪಟ್ಟಿಯ ಏರ್‌ಬ್ರಷ್ ಬಟನ್ ಆನ್ ಇದ್ದರೆ ಈ ಎರಡೂ ಅದಲುಬದಲಾಗುತ್ತವೆ. ನಿಮ್ಮ ಗೊಂದಲದ ಅರ್ಧ ಅದೇ. ಉಳಿದರ್ಧ ಮೂವ್ ಟೂಲ್‌ನದು: ಅದು ಆಯ್ಕೆಯಾಗಿದ್ದಾಗ ಅಂಕಿ ಒತ್ತಿದರೆ ಲೇಯರ್‌ನ ಓಪಾಸಿಟಿಯೇ ಬದಲಾಗುತ್ತದೆ. ಅಂಕಿಗೆ ಮೊದಲು ಬ್ರಷ್ ಟೂಲ್‌ನ ಕೀ ಬಿ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಡಾಡ್ಜ್ ಅಂಡ್ ಬರ್ನ್ (ಅಲ್ಲಲ್ಲಿ ಬೆಳಕು ಹೆಚ್ಚಿಸುವುದು, ತಗ್ಗಿಸುವುದು) ಮಾಡುವಾಗ ಚರ್ಮದ ಮೇಲೆ ಮಚ್ಚೆ ಮಚ್ಚೆಯಾಗಿ ಬೀಳುತ್ತದೆ. ಓಪಾಸಿಟಿ ಎಷ್ಟಿಡಬೇಕು, ಫ್ಲೋ ಎಷ್ಟಿಡಬೇಕು?

ಉತ್ತರ: ಮೊದಲು ಎರಡರ ವ್ಯತ್ಯಾಸ. ಬ್ರಷ್ ಎಳೆದಾಗ ಬೀಳುವುದು ಒಂದೇ ಗೆರೆಯಲ್ಲ, ಒತ್ತೊತ್ತಾಗಿ ಬಿದ್ದ ಮುದ್ರೆಗಳ ಸಾಲು. ಪ್ರತಿ ಮುದ್ರೆ ಎಷ್ಟು ಬಣ್ಣ ಸುರಿಸಬೇಕು ಎನ್ನುವುದನ್ನು ಫ್ಲೋ ಹೇಳುತ್ತದೆ. ಬಟನ್ ಬಿಡುವವರೆಗೆ ಒಟ್ಟು ಎಷ್ಟಕ್ಕೆ ನಿಲ್ಲಬೇಕು ಎನ್ನುವುದನ್ನು ಓಪಾಸಿಟಿ ಹೇಳುತ್ತದೆ. ಓಪಾಸಿಟಿ 15%, ಫ್ಲೋ 100% ಇಟ್ಟರೆ ಒಂದೇ ಎಳೆತದಲ್ಲಿ ಎಷ್ಟು ಉಜ್ಜಿದರೂ 15% ದಾಟದು, ಆದರೆ ಎತ್ತಿ ಮತ್ತೆ ಇಟ್ಟ ಕಡೆ ಹಳೆಯ ಮತ್ತು ಹೊಸ ಎಳೆತ ಸೇರಿ ಅಂಚು ಕಾಣುತ್ತದೆ. ನಿಮ್ಮ ಮಚ್ಚೆಗಳು ಬಹುಶಃ ಅಲ್ಲಿಂದ ಬಂದವು.

ಓಪಾಸಿಟಿ 100%, ಫ್ಲೋ 2ರಿಂದ 5%, ಹಾರ್ಡ್‌ನೆಸ್ 0 ಮಾಡಿ ನೋಡಿ. ಬಣ್ಣ ನಿಧಾನವಾಗಿ ಕೂಡುತ್ತದೆ, ಸಾಕೆನಿಸಿದಾಗ ಕೈ ಎತ್ತಬಹುದು. ಬೆಳಕು ಹೊಂದಿಸುವ ಎರಡು ಕರ್ವ್ಸ್ ಲೇಯರ್ ಮಾಡಿ, ಒಂದನ್ನು ತುಸು ಮೇಲೆತ್ತಿ, ಇನ್ನೊಂದನ್ನು ತುಸು ಕೆಳಗಿಳಿಸಿ, ಎರಡರ ಮಾಸ್ಕನ್ನೂ ಕಂಟ್ರೋಲ್ ಮತ್ತು ಐ ಒತ್ತಿ ಕಪ್ಪಾಗಿಸಿ, ಬಿಳಿ ಬ್ರಷ್‌ನಿಂದ ಬಳಿಯುವ ಕ್ರಮಕ್ಕೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ಹೆಚ್ಚಾಯಿತೇ, ಎಕ್ಸ್ ಒತ್ತಿ ಕಪ್ಪಿಗೆ ಬದಲಿಸಿ ಹಿಂತೆಗೆಯಿರಿ. ಬಣ್ಣ ಬೇರೇನೋ ಆಗಿದ್ದರೆ ಡಿ ಒತ್ತಿದರೆ ಕಪ್ಪುಬಿಳುಪಿಗೆ ಮರಳುತ್ತದೆ.

ಬೇರೆಯವರ ಫ್ಲೋ ಅಂಕಿಯನ್ನು ಹಾಗೇ ನಕಲು ಮಾಡಿದರೆ ಫಲಿತಾಂಶ ಬೇರೆಯಾಗುವುದಕ್ಕೆ ಕಾರಣ ಸ್ಪೇಸಿಂಗ್, ಅಂದರೆ ಮುದ್ರೆಗಳ ನಡುವಿನ ಅಂತರ. ಬ್ರಷ್ ಸೆಟ್ಟಿಂಗ್ಸ್‌ನಲ್ಲಿ ಸ್ಪೇಸಿಂಗ್ 25% ಇದ್ದದ್ದು 10% ಆದರೆ ಅದೇ ದೂರದಲ್ಲಿ ಎರಡೂವರೆ ಪಟ್ಟು ಮುದ್ರೆಗಳು ಬೀಳುತ್ತವೆ. 4% ಫ್ಲೋ ಏಕಾಏಕಿ ಭಾರವಾಗುತ್ತದೆ. ಆದ್ದರಿಂದ ಸ್ಪೇಸಿಂಗ್ ಮೊದಲು ನಿಗದಿ ಮಾಡಿ, ಆಮೇಲೆ ಫ್ಲೋ ಹುಡುಕಿಕೊಳ್ಳಿ. ಬ್ರಷ್‌ನ ಸೈಜ್ ಸರಿಪಡಿಸಬೇಕಾದ ನೆರಳಿಗಿಂತ ಸ್ವಲ್ಪವೇ ದೊಡ್ಡದಿರಲಿ. ಹತ್ತು ಪಟ್ಟು ದೊಡ್ಡ ಬ್ರಷ್ ಹಿಡಿದರೆ ಅಕ್ಕಪಕ್ಕದ ಬೆಳಕೂ ಕದಡುತ್ತದೆ. ಕಡತ 16 ಬಿಟ್‌ನಲ್ಲಿದ್ದರೆ ಮೆತ್ತನೆಯ ಏರಿಳಿತಗಳಲ್ಲಿ ಪಟ್ಟೆ ಕಾಣುವುದು ಕಡಿಮೆ.

ಪ್ರಶ್ನೆ: ಬ್ರಷ್ ಉಳಿಸಿಟ್ಟರೂ ಮತ್ತೆ ತೆರೆದಾಗ ಫ್ಲೋ, ಓಪಾಸಿಟಿ ಬರುವುದಿಲ್ಲ. ಒಂದೊಂದು ಬ್ರಷ್‌ಗೆ ಒಂದೊಂದು ಕೀ ಕೊಡಲು ಸಾಧ್ಯವೇ?

ಉತ್ತರ: ಬ್ರಷಸ್ ಪ್ಯಾನೆಲ್‌ನಲ್ಲಿ ಹೊಸ ಬ್ರಷ್ ಉಳಿಸುವಾಗ ಮೂರು ಟಿಕ್‌ಗಳು ಕಾಣುತ್ತವೆ: ಸೈಜ್ ಸೇರಿಸು, ಟೂಲ್ ಸೆಟ್ಟಿಂಗ್ಸ್ ಸೇರಿಸು, ಬಣ್ಣ ಸೇರಿಸು. ಓಪಾಸಿಟಿ, ಫ್ಲೋ, ಬ್ಲೆಂಡ್ ಮೋಡ್ ಎಲ್ಲ ಉಳಿಯುವುದು ನಡುವಿನದಕ್ಕೆ ಟಿಕ್ ಇದ್ದರೆ ಮಾತ್ರ. ರೀಟಚಿಂಗ್ ಬ್ರಷ್‌ಗಳಿಗೆ ಉಳಿದೆರಡನ್ನೂ ತೆಗೆದುಬಿಡಿ. ಸೈಜ್ ಸೇರಿಸದಿದ್ದರೆ ಬ್ರಷ್ ಬದಲಿಸಿದಾಗಲೂ ಈಗಿನ ಸೈಜ್ ಹಾಗೇ ಉಳಿಯುತ್ತದೆ, ಬಣ್ಣ ಸೇರಿಸದಿದ್ದರೆ ಮಾಸ್ಕ್ ಮೇಲಿನ ಕಪ್ಪುಬಿಳುಪು ಕೆಡುವುದಿಲ್ಲ.

ಬ್ರಷ್‌ಗೆ ನೇರವಾಗಿ ಕೀ ಕೊಡುವ ಸೌಲಭ್ಯ ಫೋಟೋಶಾಪ್‌ನಲ್ಲಿಲ್ಲ. ಅಲ್ಪವಿರಾಮ ಮತ್ತು ಚುಕ್ಕಿ ಕೀಗಳಿಂದ ಹಿಂದಿನ, ಮುಂದಿನ ಬ್ರಷ್‌ಗೆ ಹೋಗಬಹುದು, ಪಟ್ಟಿ ಚಿಕ್ಕದಿದ್ದರೆ ಅದೂ ಉಪಯೋಗವೇ. ಒಂದೇ ಒತ್ತಿನಲ್ಲಿ ಬೇಕೆಂದರೆ ಆಕ್ಷನ್ (ರೆಕಾರ್ಡ್ ಮಾಡಿಟ್ಟ ಹೆಜ್ಜೆಗಳ ಸರಣಿ) ಮೂಲಕ ಬಳಸುದಾರಿ ಹಿಡಿಯಬೇಕು. ವಿಂಡೋ ಮೆನುವಿನಿಂದ ಟೂಲ್ ಪ್ರಿಸೆಟ್ಸ್ ತೆರೆದು, ಬೇಕಾದ ಸೆಟ್ಟಿಂಗ್ ಇರುವ ಟೂಲನ್ನು ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಆಗಿ ಉಳಿಸಿ. ಚಿತ್ರದ ಒಂದು ಭಾಗವನ್ನು ಇನ್ನೊಂದೆಡೆ ನಕಲಿಸುವ ಕ್ಲೋನ್ ಸ್ಟ್ಯಾಂಪ್, ಕಲೆ ಮಾಯಮಾಡುವ ಹೀಲಿಂಗ್ ಬ್ರಷ್‌ಗೂ ಇದು ನಡೆಯುತ್ತದೆ. ಈಗಿನ ಟೂಲ್ ಮಾತ್ರ ತೋರಿಸು ಎನ್ನುವ ಟಿಕ್ ತೆಗೆಯಿರಿ. ಆಕ್ಷನ್ಸ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ಟೂಲ್ ರೆಕಾರ್ಡಿಂಗ್‌ಗೆ ಅನುಮತಿ ಕೊಡಿ. ಹೊಸ ಆಕ್ಷನ್‌ಗೆ ಎಫ್2 ಕೊಟ್ಟು, ರೆಕಾರ್ಡ್ ಒತ್ತಿ, ಆ ಪ್ರಿಸೆಟ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ನಿಲ್ಲಿಸಿ. ಎಫ್2, ಎಫ್3, ಎಫ್4 ಮೂಲದಲ್ಲಿ ಕಟ್, ಕಾಪಿ, ಪೇಸ್ಟ್‌ಗಾಗಿ ಇವೆ. ಅವಕ್ಕೆ ಬೇರೆ ಕೀಗಳಿರುವುದರಿಂದ ಕಳೆದುಕೊಳ್ಳುವುದೇನಿಲ್ಲ. ಪ್ರಿಸೆಟ್‌ನ ಹೆಸರು ಆಮೇಲೆ ಬದಲಿಸಿದರೆ ಆಕ್ಷನ್‌ಗೆ ಅದು ಸಿಗದೆ ದೋಷ ತೋರಿಸುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳು ಧ್ವನಿ, ಬೆಳಕು ಬದಲಿಸುವುದಕ್ಕೆ ಮೀಸಲಾಗಿದ್ದರೆ ಎಫ್‌ಎನ್ ಕೂಡ ಒತ್ತಬೇಕಾದೀತು.

ಇಷ್ಟೆಲ್ಲ ಮಾಡಿದ ಮೇಲೆ ಫೋಟೋಶಾಪನ್ನು ಒಮ್ಮೆ ಸರಿಯಾಗಿ ಮುಚ್ಚಿ ತೆರೆಯಿರಿ. ಪ್ರಿಸೆಟ್, ಆಕ್ಷನ್‌ಗಳನ್ನು ಅದು ಬರೆದಿಟ್ಟುಕೊಳ್ಳುವುದು ಮುಚ್ಚುವಾಗ. ನಡುವೆ ಕ್ರ್ಯಾಶ್ ಆದರೆ ಮಾಡಿದ್ದೆಲ್ಲ ಹೋಗುತ್ತದೆ.

ಪ್ರಶ್ನೆ: ಪೆನ್ ಟ್ಯಾಬ್ಲೆಟ್‌ನಲ್ಲಿ ಒತ್ತಡ ಕೆಲಸ ಮಾಡುತ್ತಿಲ್ಲ. ಪೆನ್ ಇಟ್ಟು ಹಿಡಿದರೆ ನೀರಿನ ಅಲೆಯಂಥ ವೃತ್ತ ಬೇರೆ ಕಾಣುತ್ತದೆ.

ಉತ್ತರ: ಆ ವೃತ್ತ ವಿಂಡೋಸ್‌ನದು, ಒತ್ತಿ ಹಿಡಿದರೆ ರೈಟ್ ಕ್ಲಿಕ್ ಎನ್ನುವ ಸೌಲಭ್ಯ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಅಂಡ್ ಟಚ್‌ನಲ್ಲಿ ಅದನ್ನು ಆಫ್ ಮಾಡಿ. ಒತ್ತಡದ ವಿಷಯಕ್ಕೆ, ಬ್ರಷ್ ಸೆಟ್ಟಿಂಗ್ಸ್‌ನಲ್ಲಿ ಪೆನ್ ಪ್ರೆಷರ್ ಪಕ್ಕ ಎಚ್ಚರಿಕೆಯ ತ್ರಿಕೋನ ಕಾಣುತ್ತಿದೆಯೇ ನೋಡಿ. ಕಂಡರೆ ಟ್ಯಾಬ್ಲೆಟ್‌ನ ಒತ್ತಡ ಫೋಟೋಶಾಪ್‌ವರೆಗೆ ತಲುಪುತ್ತಿಲ್ಲ ಎಂದರ್ಥ. ಟ್ಯಾಬ್ಲೆಟ್ ಡ್ರೈವರ್‌ನಲ್ಲಿ ವಿಂಡೋಸ್ ಇಂಕ್‌ಗೆ ಟಿಕ್ ಹಾಕಿ, ಫೋಟೋಶಾಪ್ ಮತ್ತೆ ತೆರೆಯಿರಿ. ತ್ರಿಕೋನ ಕಾಣದಿದ್ದರೆ ಮೇಲಿನ ಪಟ್ಟಿಯ ಎರಡು ಪೆನ್ ಬಟನ್‌ಗಳತ್ತ ಗಮನ ಕೊಡಿ. ಒಂದು ಸೈಜ್‌ನದು, ಇನ್ನೊಂದು ಓಪಾಸಿಟಿಯದು. ಅವು ಆನ್ ಇದ್ದರೆ ಬ್ರಷ್‌ನ ಒಳಗಿನ ಸೆಟ್ಟಿಂಗ್ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಸಲಹೆ: ರೀಟಚಿಂಗ್‌ಗೆ ಸೈಜ್ ಮೇಲಿನ ಒತ್ತಡ ಆಫ್, ಟ್ರಾನ್ಸ್‌ಫರ್ ವಿಭಾಗದಲ್ಲಿ ಫ್ಲೋ ಮೇಲಿನ ಒತ್ತಡ ಆನ್. ಹೀಲಿಂಗ್ ಬ್ರಷ್‌ನ ಸೈಜ್ ಪೆಟ್ಟಿಗೆಯ ತಳದಲ್ಲಿ ಪೆನ್ ಪ್ರೆಷರ್ ಎಂದು ಪ್ರತ್ಯೇಕವಾಗಿ ಇರುತ್ತದೆ, ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಹಗುರವಾಗಿ ಇಟ್ಟಾಗ ಕಲೆಯ ಅರ್ಧ ಮಾತ್ರ ಮಾಯವಾಗಿ ಅಂಚು ಉಳಿಯುತ್ತದೆ. ಪೆನ್‌ನ ಒಂದು ಬಟನ್‌ಗೆ ರೈಟ್ ಕ್ಲಿಕ್, ಟ್ಯಾಬ್ಲೆಟ್‌ನ ಒಂದು ಕೀಗೆ ಆಲ್ಟ್ ಕೊಟ್ಟರೆ ಕೀಬೋರ್ಡ್ ಮುಟ್ಟದೆ ಸೈಜ್ ಎಳೆದು ಬದಲಿಸಬಹುದು. ಅದೇ ಆಲ್ಟ್ ಕ್ಲೋನ್‌ಗೆ ಮೂಲ ಆರಿಸಲೂ ಆಗುತ್ತದೆ.

ಪ್ರಶ್ನೆ: ಬ್ರಷ್‌ನ ವೃತ್ತ ಮಾಯವಾಗಿ ಬರೀ ಕೂಡು ಗುರುತು ಉಳಿದಿದೆ.

ಉತ್ತರ: ಕ್ಯಾಪ್ಸ್ ಲಾಕ್ ಆಫ್ ಮಾಡಿ.

ಪ್ರಶ್ನೆ: ದೊಡ್ಡ ಕಡತದಲ್ಲಿ ಬ್ರಷ್ ಕೈಯ ಹಿಂದೆ ತೆವಳುತ್ತದೆ. ಹೊಸ ಕಂಪ್ಯೂಟರ್ ಬೇಕೇ?

ಉತ್ತರ: ಮೊದಲು ಸ್ಮೂದಿಂಗ್ ನೋಡಿ. ಅದು ಗೆರೆ ನಯವಾಗಿಸಲು ಬೇಕೆಂದೇ ಬ್ರಷ್ಷನ್ನು ಹಿಂದಿಡುತ್ತದೆ. ಚಿತ್ರ ಬರೆಯುವವರಿಗೆ ಒಳ್ಳೆಯದು, ರೀಟಚಿಂಗ್‌ಗೆ 0% ಸಾಕು. ಆಮೇಲೆ ಸ್ಪೇಸಿಂಗ್: ಸಾವಿರ ಪಿಕ್ಸೆಲ್‌ಗಿಂತ ದೊಡ್ಡ ಬ್ರಷ್‌ಗೆ 1% ಸ್ಪೇಸಿಂಗ್ ಇದ್ದರೆ ಎಂಥ ಯಂತ್ರವೂ ಏದುಸಿರು ಬಿಡುತ್ತದೆ. ಮೆತ್ತನೆಯ ದೊಡ್ಡ ಬ್ರಷ್‌ಗೆ 10ರಿಂದ 20% ಇಟ್ಟರೂ ಮುದ್ರೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಕರ್ಸರ್ಸ್ ವಿಭಾಗದಲ್ಲಿ ಬಳಿಯುವಾಗ ಕೂಡು ಗುರುತು ಮಾತ್ರ ತೋರಿಸು ಎನ್ನುವ ಆಯ್ಕೆಯೂ ದೊಡ್ಡ ಬ್ರಷ್‌ಗಳ ಹೊರೆ ಇಳಿಸುತ್ತದೆ.

ಪ್ರಶ್ನೆ: ಗಿಂಪ್‌ನಲ್ಲಿ ಇವೆಲ್ಲ ಸಾಧ್ಯವೇ?

ಉತ್ತರ: ಬಹುಪಾಲು ಸಾಧ್ಯ. ಬ್ರಾಕೆಟ್ ಕೀಗಳು ಅಲ್ಲಿಯೂ ಸೈಜ್ ಬದಲಿಸುತ್ತವೆ. ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ಸ್‌ನಲ್ಲಿ ಸೈಜ್ ಎಂದು ಹುಡುಕಿದರೆ ಬೇರೆ ಕೀ ಕೊಡಬಹುದು. ಗಿಂಪ್ 2.10ರಲ್ಲಿ ಮೌಸ್ ಚಕ್ರಕ್ಕೂ ಆ ಕೆಲಸ ಒಪ್ಪಿಸಬಹುದು: ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಕಂಟ್ರೋಲರ್ಸ್‌ಗೆ ಹೋಗಿ ಮೇನ್ ಮೌಸ್ ವೀಲ್ ತೆರೆದು, ಆಲ್ಟ್ ಜೊತೆಗಿನ ಸ್ಕ್ರೋಲ್‌ಗೆ ಸೈಜ್ ಏರಿಳಿತ ಜೋಡಿಸಿ. ಪೆನ್ ಒತ್ತಡ ಬಾರದಿದ್ದರೆ ಇನ್‌ಪುಟ್ ಡಿವೈಸಸ್‌ನಲ್ಲಿ ಪೆನ್‌ನ ಮೋಡ್ ಸ್ಕ್ರೀನ್ ಎಂದಿದೆಯೇ ಖಚಿತಪಡಿಸಿಕೊಳ್ಳಿ. ಒತ್ತಡ ಸೈಜ್ ಮೇಲೆ ಕೆಲಸ ಮಾಡುತ್ತಿದ್ದರೆ ಡೈನಾಮಿಕ್ಸ್‌ನಲ್ಲಿ ಪ್ರೆಷರ್ ಓಪಾಸಿಟಿ ಆಯ್ದುಕೊಳ್ಳಿ.

ಪ್ರಶ್ನೆ: ಲೈಟ್‌ರೂಮ್ ಕ್ಲಾಸಿಕ್ ಬ್ರಷ್‌ಗೂ ಶಾರ್ಟ್‌ಕಟ್ ಇವೆಯೇ?

ಉತ್ತರ: ಚಕ್ರ ತಿರುಗಿಸಿದರೆ ಸೈಜ್, ಶಿಫ್ಟ್ ಒತ್ತಿ ತಿರುಗಿಸಿದರೆ ಫೆದರ್ (ಅಂಚಿನ ಮೆತ್ತನೆ), ಅಂಕಿ ಒತ್ತಿದರೆ ಫ್ಲೋ, ಆಲ್ಟ್ ಒತ್ತಿ ಬಳಿದರೆ ಅಳಿಸುವಿಕೆ, ಓ ಒತ್ತಿದರೆ ಬಳಿದ ಜಾಗದ ಮೇಲೆ ಬಣ್ಣದ ಹೊದಿಕೆ. ಎ ಮತ್ತು ಬಿ ಎಂದು ಎರಡು ಬ್ರಷ್ ಇಟ್ಟುಕೊಳ್ಳಬಹುದು. ಒಂದನ್ನು ದೊಡ್ಡದಾಗಿ ಮೆತ್ತಗೆ, ಇನ್ನೊಂದನ್ನು ಚಿಕ್ಕದಾಗಿ ಗಟ್ಟಿಯಾಗಿ ಇಟ್ಟು ಓರೆಗೆರೆ / ಒತ್ತಿ ಅದಲುಬದಲು ಮಾಡಿ.

ಪ್ರಶ್ನೆ: ಚಿಕ್ಕ ಚಿಕ್ಕ ಚುಕ್ಕಿ ಹಾಕಿ ಹೀಲ್ ಮಾಡುತ್ತಾ ಹೋದ ಮೇಲೆ ಹಿಂದಕ್ಕೆ ಹೋಗಲು ನೋಡಿದರೆ ಕೊನೆಯ 50 ಹೆಜ್ಜೆ ಮಾತ್ರ ಸಿಗುತ್ತವೆ.

ಉತ್ತರ: ಫೋಟೋಶಾಪ್‌ನ ಹಿಸ್ಟರಿ ಸ್ಟೇಟ್ಸ್‌ನ ಮೂಲ ಮಿತಿಯೇ 50. ರೀಟಚಿಂಗ್‌ನಲ್ಲಿ ಪ್ರತಿ ಚುಕ್ಕಿಯೂ ಒಂದು ಹೆಜ್ಜೆ, ಹಾಗಾಗಿ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ನಲ್ಲಿ 150ರ ಆಸುಪಾಸಿಗೆ ಏರಿಸಿ. 1000ದವರೆಗೂ ಏರಿಸಬಹುದು, ಆದರೆ ಪ್ರತಿ ಹೆಜ್ಜೆಯೂ ಮೆಮೊರಿ ಮತ್ತು ಸ್ಕ್ರ್ಯಾಚ್ ಡಿಸ್ಕ್ (ಡಿಸ್ಕ್‌ನ ತಾತ್ಕಾಲಿಕ ಜಾಗ) ತಿನ್ನುತ್ತದೆ. ಇದಕ್ಕಿಂತ ಗಟ್ಟಿ ಉಪಾಯವೆಂದರೆ ಖಾಲಿ ಲೇಯರ್ ಮಾಡಿ, ಹೀಲಿಂಗ್ ಬ್ರಷ್‌ನ ಸ್ಯಾಂಪಲ್ ಆಯ್ಕೆಯನ್ನು ಕರೆಂಟ್ ಅಂಡ್ ಬಿಲೋಗೆ ಇಟ್ಟು ಅದರ ಮೇಲೆ ಕೆಲಸ ಮಾಡುವುದು. ಬೇಡವಾದ ತಿದ್ದುಪಡಿಯನ್ನು ಎಷ್ಟು ಹೊತ್ತಾದ ಮೇಲೂ ಅಲ್ಲಷ್ಟೇ ಅಳಿಸಬಹುದು. ಇ ಕೀಯನ್ನು ಸೈಜ್‌ಗೆ ಕೊಟ್ಟುಬಿಟ್ಟಿದ್ದರೆ ಆ ಲೇಯರ್‌ಗೆ ಒಂದು ಮಾಸ್ಕ್ ಹಾಕಿ ಕಪ್ಪು ಬಳಿಯಿರಿ.